ನಾಯಿ ಕಚ್ಚದ ಗಾಯ

ನಾಯಿ ಕಚ್ಚದ ಗಾಯಕ್ಕೆ ನಾಯಿ ಕಡಿತದ ಸೂಜಿ ನಾಲ್ಕು ಸಲ ಚುಚ್ಚಿದ್ದೇನೆ. ಚುಚ್ಚುವಾಗ ನನಗೆ ಗೊತ್ತಿತ್ತು. ಚುಚ್ಚಿಸಿಕೊಳ್ಳುವವನಿಗಂತೂ ಗೊತ್ತೇ ಇತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ನಾನು ಚಿಕ್ಕೋಡಿ ಸೀಮೆಯ ಒಂದು ಸರಕಾರಿ ದವಾಖಾನೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನರ್ಸು. ಅವನು ಅಥಣಿಯಿಂದ ನಿಪ್ಪಾಣಿಗೆ ಹೋಗುವ ಬಸ್ಸಿನ ಕಂಡಕ್ಟರ್. ಆ ಬಸ್ಸಿಗೆ ನಾನೂ ಎಷ್ಟೋ ಸಲ ಹತ್ತಿದ್ದೆ. "ಮುಂದ ಸರೀರಿ, ಆತ ಸರ್ಕಾ, ಇನ್ನೂ ಒಂದ ಲಗ್ನದ ದಿಬ್ಬಣ ಹಿಡಸ್ತೈತಿ" ಎಂದು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಕೂಗಿ, ಬೆವರಿನಲ್ಲಿ ನಿಂತ ಜನರನ್ನು ನಗಿಸುತ್ತಿದ್ದ. ಆ ಸೋಮವಾರ ಖಾಕಿ ಅಂಗಿಯ ಎಡ ತೋಳು ಮಡಚಿಕೊಂಡು ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಗಾಯವಾಗಿತ್ತು.

"ಏನಾತ್ರಿ?"

"ನಾಯಿ ಕಡೀತ್ರಿ ಸಿಸ್ಟರ್. ಬಸ್ ಸ್ಟ್ಯಾಂಡಿನ್ಯಾಗ."

ನಾಯಿಯ ಕೋರೆಹಲ್ಲು ಮೊದಲು ತೂತು ಮಾಡುತ್ತದೆ, ಆಮೇಲೆ ಎಳೆದು ಹರಿಯುತ್ತದೆ. ಇಲ್ಲಿ ಹರಿದಿರಲಿಲ್ಲ. ಎದುರುಬದುರಾಗಿ ಎರಡು ಸಣ್ಣ ಕಮಾನುಗಳು, ಒಂದರ ಪಕ್ಕ ಒಂದು ಚಪ್ಪಟೆ ಹಲ್ಲಿನ ಗುರುತು, ನಡುವೆ ನೀಲಿಗಟ್ಟಿದ ಚರ್ಮ. ಅಂಥ ಕಮಾನನ್ನು ಹೆಂಗಸರ ತೋಳಿನ ಮೇಲೆ, ಭುಜದ ಮೇಲೆ ನಾನು ನೋಡಿದ್ದೆ. ಅದು ಮನುಷ್ಯರ ಬಾಯಿ.

ಹೊರಗೆ ನಲವತ್ತು ಜನ ಸಾಲಿನಲ್ಲಿದ್ದರು. ಹೊಸದಾಗಿ ಬಂದಿದ್ದ ಡಾಕ್ಟರು ಬಗ್ಗಿ ನೋಡಿ, "ಸಾಕಿದ್ದೋ, ಬೀದೀದೋ?" ಎಂದರು.

"ಬೀದೀದ್ರಿ ಸಾಹೇಬ್ರ. ಕರೇದು."

ನಾಯಿಗೆ ಬಣ್ಣವನ್ನೂ ಕೊಟ್ಟ.

ರಕ್ತ ಬಂದಿದ್ದರೆ ನಿಯಮ ಕಡಕ್ಕಾಗಿದೆ. ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆಯಬೇಕು, ಗಾಯದ ಅಂಚಿನೊಳಗೇ ಸೀರಮ್ ಚುಚ್ಚಬೇಕು, ಆಮೇಲೆ ಎರಡೂ ತೋಳಿಗೆ ಲಸಿಕೆ. ಸೀರಮ್ ಚುಚ್ಚುವಾಗ ದೊಡ್ಡ ದೊಡ್ಡ ಆಳುಗಳೂ ಕೂಗಿಕೊಳ್ಳುತ್ತಾರೆ. ಅವನು ಕೂಗಲಿಲ್ಲ. ನಾನು ಅವನ ಮಣಿಕಟ್ಟು ಹಿಡಿದಿದ್ದೆ, ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಕಾರ್ಡಿನಲ್ಲಿ ಬರೆದುಕೊಟ್ಟೆ. ಒಂದೂ ತಪ್ಪಿಸಲಿಲ್ಲ. ಪ್ರತಿ ಸಲ ತೋಳು ಚಾಚಿ ಕುಳಿತ, ಪ್ರತಿ ಸಲ ನಾನು ಚುಚ್ಚಿದೆ.

ಡ್ರೆಸ್ಸಿಂಗಿಗೆ ಬರುವ ಹೆಣ್ಣುಮಕ್ಕಳನ್ನು ಕದ ಹಾಕಿಕೊಂಡು ಕೇಳುವುದು ನನ್ನ ರೂಢಿ: "ಮನ್ಯಾಗ ಯಾರರ ಬಡೀತಾರೇನವಾ?" ಬಚ್ಚಲಿನಲ್ಲಿ ಜಾರಿದೆ ಅಂದವಳು ಮೂರನೆಯ ಸಲ ಕೇಳಿದಾಗ ಅಳುತ್ತಾಳೆ. ಆ ಮಾತು ನನ್ನ ನಾಲಿಗೆಗೆ ಎಷ್ಟು ಪಳಗಿತ್ತೆಂದರೆ ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದಷ್ಟೇ ಸಲೀಸು. ಆದರೆ ಅದೇ ಮಾತನ್ನು ಒಬ್ಬ ಗಂಡಸಿಗೆ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ ಅವನ ಮಾನ ಹೋಗುತ್ತದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೆಲ್ಲೋ ಇನ್ನೊಂದು ಮಾತೂ ಇತ್ತು: ಇವನು ಮೊದಲು ಏನು ಮಾಡಿದ್ದನೋ, ಅದಕ್ಕೇ ಹೆಂಡತಿ ಕಚ್ಚಿರಬೇಕು. ಒಬ್ಬ ಹೆಂಗಸಿನ ಬಗ್ಗೆ ಯಾರಾದರೂ ಹಾಗೆ ಅಂದಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ಕೆಲವು ತಿಂಗಳ ಮೇಲೆ ಹುಬ್ಬು ಒಡೆದುಕೊಂಡು ಬಂದ. "ಬಸ್ಸಿನ ಬಾಗಲಾ ಬಡೀತ್ರಿ." ನಾಲ್ಕು ಹೊಲಿಗೆ ಬಿದ್ದವು. ಔಷಧಿ ಕೊಡುವಾತ ಕಿಟಕಿಯಿಂದಲೇ ಚೇಷ್ಟೆ ಮಾಡಿದ: "ಏನೋ ಮಾರಾಯಾ, ಹೆಂಡ್ತಿ ಲಟ್ಟಣಿಗಿ ತಗೊಂಡಿದ್ಳೇನು?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಜನ ಸರಿದ ಮೇಲೆ ನಾನು, "ಮನ್ಯಾಗ ಎಲ್ಲಾ ಆರಾಮ ಐತಿಲ್ಲ?" ಎಂದೆ. "ಆರಾಮ್ರಿ" ಎಂದ. ಅದು ಪ್ರಶ್ನೆಯೇ ಅಲ್ಲ, ಬಸ್ಸಿನಲ್ಲಿ ಪಕ್ಕ ಕುಳಿತವರನ್ನು ಮಾತಾಡಿಸುವ ಮಾತು. ನನಗೂ ಅದು ಗೊತ್ತಿತ್ತು.

ಮೂರನೆಯ ಸಲ ಬಂದಾಗ ಅವನ ಬಲಗೈಗೆ ಒದ್ದೆ ಟವೆಲ್ ಸುತ್ತಿತ್ತು. ಆಟೋದವನು ಇಳಿಸಿ ಹೋದ. ಟವೆಲ್ ಬಿಚ್ಚಿದೆ. ಬಿಸಿ ಎಣ್ಣೆ. ಕೈಯ ಹಿಂಭಾಗ ಪೂರ್ತಿ, ಬೆರಳುಗಳ ಮೇಲ್ಮೈ, ಅಲ್ಲಿಂದ ಮೊಣಕೈವರೆಗೆ ಹೊರಮಗ್ಗುಲು ಮಾತ್ರ ಸುಟ್ಟಿತ್ತು. ಅಂಗೈ ಹಾಗೇ ಉಳಿದಿತ್ತು. ಕಿವಿಯ ಹತ್ತಿರ ಮೂರು ನಾಲ್ಕು ಹನಿಗಳ ಗುಳ್ಳೆ.

"ಬಾಣಲಿ ಕೈಯಾಗಿಂದ ಜಾರೀತ್ರಿ" ಎಂದ.

ಬಾಣಲಿ ಜಾರಿದರೆ ಹೊಟ್ಟೆ ಸುಡುತ್ತದೆ, ತೊಡೆ ಸುಡುತ್ತದೆ, ಪಾದ ಸುಡುತ್ತದೆ. ಕೈಯ ಹೊರಮಗ್ಗುಲು ಮಾತ್ರ ಸುಡಬೇಕಾದರೆ ಆ ಕೈ ಮುಖಕ್ಕೆ ಅಡ್ಡ ಹಿಡಿದಿರಬೇಕು. ನಾನು ಉಪ್ಪುನೀರು ಸುರಿಯುತ್ತ, ಸತ್ತ ಚರ್ಮವನ್ನು ಚಿಮಟಿಗೆಯಿಂದ ಎತ್ತುತ್ತ, ಕದ ಮುಚ್ಚಲು ಆಯಾಗೆ ಹೇಳಿದೆ. ಆಮೇಲೆ ಕೇಳಿದೆ. ಒಂದು ವರ್ಷ ತಡವಾಗಿ ಕೇಳಿದೆ.

"ನಿಮ್ಮನ್ನ ಮನ್ಯಾಗ ಬಡೀತಾರೇನ್ರಿ?"

ಅವನು ಎಡಗೈಯಿಂದ ಕಿವಿಯ ಹತ್ತಿರದ ಗುಳ್ಳೆ ಮುಟ್ಟಿ ನೋಡಿಕೊಂಡ. ಟ್ರೇಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

"ಮಾರಿ ಉಳೀತಲ್ರಿ" ಎಂದ. "ಮಗಳು ಅಲ್ಲೇ ನಿಂತಿದ್ಳು. ಆಕಿ ಮ್ಯಾಲೆ ಒಂದ ಹನಿ ಬೀಳಲಿಲ್ಲ. ಅಷ್ಟ ಸಾಕು."

ಮದುವೆಯಾದ ಎರಡನೆಯ ವರ್ಷದಿಂದ ನಡೆದಿತ್ತಂತೆ. ಹೆಂಡತಿ ಮೊದಲು ಕೈಗೆ ಸಿಕ್ಕಿದ್ದು ಎಸೆಯುವುದು, ಆಮೇಲೆ ಪರಚುವುದು, ಕಚ್ಚುವುದು. ಡ್ಯೂಟಿ ಮುಗಿಸಿ ಬರುವುದು ಹತ್ತು ನಿಮಿಷ ತಡವಾದರೆ ಸಾಕು. ಇವನು ತಿರುಗಿ ಕೈ ಎತ್ತಲಿಲ್ಲ. "ಎತ್ತಿದ್ರ ನಾ ಹೆಣ್ಣಿನ ಮ್ಯಾಲೆ ಕೈ ಮಾಡಿದಾಂವ ಆಗ್ತೇನಿ. ಎತ್ತದಿದ್ರ ಹೆಣ್ಣಿನ ಕೈಲೆ ಬಡಿಸ್ಕೊಂಡಾಂವ. ಎರಡರಾಗ ಯಾವದರ ಒಂದ ಆಗಬೇಕಲ್ರಿ." ಬಿಟ್ಟು ಹೋಗಬಹುದಿತ್ತಲ್ಲ ಅಂದೆ. ಮಗಳಿಗೆ ಎಂಟು ವರ್ಷ ಅಂದ.

ಸುಟ್ಟ ಗಾಯ ಪೊಲೀಸರಿಗೆ ತಿಳಿಸುವ ಗಾಯ. ಡಾಕ್ಟರು ಅವನನ್ನು ವಾರ್ಡಿಗೆ ಸೇರಿಸಿ ವರದಿ ಕಳಿಸಿದರು. ಬಂದ ಪೇದೆ ಕೆಟ್ಟವನಲ್ಲ, ಕುರ್ಚಿ ಎಳೆದುಕೊಂಡು ಮೆತ್ತಗೆ ಕೇಳಿದ. ಇವನು "ಬಾಣಲಿ ಜಾರೀತು" ಎಂದು ಬರೆಸಿ ಎಡಗೈಯಲ್ಲಿ ಸಹಿ ಹಾಕಿದ. ಹೆಣ್ಣುಮಕ್ಕಳಿಗಾಗಿ ನಾನು ಯಾವಾಗಲೂ ಫೋನ್ ಮಾಡುವ ಒಂದು ಸಹಾಯವಾಣಿ ಇದೆ. ಅಲ್ಲಿಗೆ ಮಾಡಿದೆ. ಆ ಕಡೆಯ ಹುಡುಗಿ ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ನಾವು ಹೆಣ್ಮಕ್ಕಳ ಕೇಸು ಅಷ್ಟ ತಗೋತೇವಿ. ಇಂಥಾವ್ರಿಗೆ ಎಲ್ಲಿ ಹೇಳಬೇಕು ಅಂತ ನನಗೂ ಗೊತ್ತಿಲ್ಲ. ಮನಿಯವರು ಯಾರರ ಅದಾರೇನು ನೋಡ್ರಿ" ಎಂದಳು. ಆ ಫೋನಿನಿಂದ ಉಳಿದ ಜೀವಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ದಿನ ರಿಸೀವರ್ ಇಟ್ಟ ಮೇಲೆ ಮುಂದೇನೆಂದು ನನಗೂ ತೋಚಲಿಲ್ಲ.

ಮನೆಯವರು. ಕೇಸ್ ಶೀಟಿನಲ್ಲಿ ತಂದೆಯ ನಂಬರು ಇತ್ತು. ನಿಪ್ಪಾಣಿ ಹತ್ತಿರದ ಅಕ್ಕೋಳದವರು, ತಂಬಾಕಿನ ಹೊಲದವರು. "ಅಪ್ಪಗ ಮಾತ್ರ ಹೇಳಬ್ಯಾಡ್ರಿ ಸಿಸ್ಟರ್" ಎಂದು ಅವನು ಎರಡು ಸಲ ಅಂದಿದ್ದ. ನಾನು ಆಗಲಿ ಅಂದಿದ್ದೆ. ಮರುದಿನ ಬೆಳಗ್ಗೆ ಡ್ರೆಸ್ಸಿಂಗ್ ಬಿಚ್ಚಿದಾಗ ಸುಟ್ಟದ್ದು ನಾವಂದುಕೊಂಡದ್ದಕ್ಕಿಂತ ಆಳವಾಗಿತ್ತು. ಈ ಕೈ ಹೊತ್ತು ಅದೇ ಮನೆಗೆ ಹೋಗುತ್ತಾನಲ್ಲ ಎಂದು ಕೇಸ್ ಶೀಟ್ ತೆಗೆದೆ. ಫೋನ್ ಮಾಡಿ, "ನಿಮ್ಮ ಮಗನ ಕೈ ಸುಟ್ಟೈತಿ, ಬರ್ರಿ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು.

ಮಧ್ಯಾಹ್ನಕ್ಕೆ ಬಂದರು. ಎಪ್ಪತ್ತರ ಹತ್ತಿರದ ಆಳು, ಬಿಳಿ ಟೋಪಿ, ಎರಡೂ ಕಿವಿ ಮುರಿದು ಗಂಟು ಕಟ್ಟಿದ್ದವು. ತಾಲೀಮಿನಲ್ಲಿ ಹುಡುಗತನದಿಂದ ಕುಸ್ತಿ ಹಿಡಿದವರ ಕಿವಿ ಅವು. ಕೊಲ್ಲಾಪುರದ ಕಡೆಯ ಅಖಾಡಗಳಲ್ಲಿ ಹೆಸರು ಮಾಡಿದ ಪೈಲ್ವಾನ್ ಎಂದು ಆಮೇಲೆ ತಿಳಿಯಿತು. ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ಬಾಯಾರ, ಖರೇ ಹೇಳ್ರಿ. ಬಾಣಲಿ ಜಾರಿದ್ದ ಹೌದೇನು?"

ನಾನು ಹೇಳಿಬಿಟ್ಟೆ. ಕಚ್ಚಿದ್ದು, ಹುಬ್ಬು ಒಡೆದದ್ದು, ಎಲ್ಲ ಹೇಳಿದೆ. ತಂದೆ ಅಂದಮೇಲೆ ಮಗನನ್ನು ಅಪ್ಪಿಕೊಳ್ಳುತ್ತಾರೆ ಎಂಬ ಭರವಸೆ ನನಗೆ.

ಅವರು ನೆಟ್ಟಗೆ ವಾರ್ಡಿಗೆ ಹೋದರು. ನಾನು ಹಿಂದೆ ಓಡಿದೆ. ಹನ್ನೆರಡು ಹಾಸಿಗೆಯ ವಾರ್ಡು, ತುಂಬಿತ್ತು. ಮಗನ ಕಾಲ ಕಡೆ ನಿಂತು ಅವರು ಅಂದರು: "ನಾ ಹತ್ತು ಜಿಲ್ಲಾದ ಪೈಲ್ವಾನರ ಬೆನ್ನ ಮಣ್ಣಿಗೆ ಹಚ್ಚೇನಿ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಹೆಂಗಸಿನ ಕೈಲೆ ಕಡಿಸ್ಕೊಂಡ, ಸುಡಿಸ್ಕೊಂಡ ಬಂದಾನ. ಗಂಡಸ ಅದಿಯೇನಲೇ ನೀ? ಅಕ್ಕೋಳಕ್ಕ ಬರಬ್ಯಾಡ. ಬಂದ್ರ ಬಳಿ ತೊಟ್ಟ ಬಾ."

ಹನ್ನೆರಡು ಹಾಸಿಗೆಯವರೂ ಕೇಳಿದರು. ಮಗ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆಯೊಳಗೆ, ಡಾಕ್ಟರು ಬೇಡವೆಂದರೂ, ತನ್ನದೇ ಜವಾಬ್ದಾರಿ ಎಂದು ಬರೆದುಕೊಟ್ಟು ಹೊರಟುಹೋದ.

ಸುಟ್ಟ ಕೈಗೆ ಮೊದಲ ಎರಡು ವಾರ ಬಹಳ ಮುಖ್ಯ. ದಿನವೂ ತೊಳೆದು ಬೆಳ್ಳಿಯ ಮುಲಾಮು ಹಚ್ಚಬೇಕು. ಒಂದೊಂದು ಬೆರಳನ್ನೂ ಬೇರೆ ಬೇರೆ ಸುತ್ತಬೇಕು, ನಡುವೆ ಜಾಳಿಗೆ ಬಟ್ಟೆ ಇಡಬೇಕು, ಇಲ್ಲದಿದ್ದರೆ ಬೆರಳಿಗೆ ಬೆರಳು ಅಂಟಿ ಒಂದಾಗುತ್ತದೆ. ಬೆರಳಿನ ಬುಡ ಬಾಗಿರಬೇಕು, ತುದಿ ನೆಟ್ಟಗಿರಬೇಕು, ಹಾಗೆ ಪಟ್ಟಿ ಕಟ್ಟಬೇಕು. ತಾಸಿಗೊಮ್ಮೆ ನೋವಾದರೂ ಆಡಿಸಬೇಕು. ಬಿಟ್ಟರೆ ಹೊಸ ಚರ್ಮ ಬಿಗಿಯುತ್ತ ಬೆರಳನ್ನು ಕೊಕ್ಕೆಯ ಹಾಗೆ ಎಳೆದುಕೊಳ್ಳುತ್ತದೆ. ಇದನ್ನು ನಾನು ಅವನಿಗೆ ಹೇಳಿಕೊಡುವ ಮೊದಲೇ ಅವನು ಹೋಗಿದ್ದ. ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ದಿನ, ಎರಡು ದಿನ. ಐದನೆಯ ದಿನ ಡಿಪೋದಲ್ಲಿ ಕೇಳಿಸಿದೆ. ರಜೆ ಹಾಕಿದ್ದಾನೆ ಅಂದರು. ರಾಯಬಾಗದ ಅವನ ಬಾಡಿಗೆ ಮನೆಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ನಾನು ಹೋದರೆ ಅದಕ್ಕೂ ಅವನೇ ಏಟು ತಿಂದಾನು ಎಂಬ ಅಂಜಿಕೆ.

ಏಳನೆಯ ದಿನ ರಜೆ ಹಾಕಿ ನಿಪ್ಪಾಣಿ ಬಸ್ ಹತ್ತಿದೆ. ಬೇರೆಯವರ ಮನೆಗೆ ಕರೆಯದೆ ಹೋಗಿ ಅವರ ಮಗನ ಬಗ್ಗೆ ಮಾತಾಡುವುದು ನರ್ಸಿನ ಕೆಲಸವಲ್ಲ. ಗೊತ್ತಿದ್ದೇ ಹೋದೆ. ಕೆಡಿಸಿದವಳು ನಾನು. ಬೈಸಿಕೊಳ್ಳುವುದಾದರೆ ಅಲ್ಲೇ ಬೈಸಿಕೊಳ್ಳೋಣ ಅನ್ನಿಸಿತು.

ಪೈಲ್ವಾನರು ಅಂಗಳದಲ್ಲಿ ತಂಬಾಕಿನ ಎಲೆ ಹರಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಒಳಗಿನಿಂದ ಅವರ ಹೆಂಡತಿ ನೀರಿನ ತಂಬಿಗೆ ತಂದು ಬಾಗಿಲಲ್ಲೇ ನಿಂತರು. ನಾನು ನೀರು ಕುಡಿದು, "ನಂದು ತಪ್ಪಾತ್ರಿ. ಆಂವ ಹೇಳಬ್ಯಾಡ ಅಂದಿದ್ದ, ನಾ ಹೇಳಿದೆ" ಎಂದೆ.

"ತಪ್ಪ ನಿಮ್ದಲ್ಲ" ಎಂದರು ಮುದುಕರು, ಎಲೆ ನೋಡುತ್ತಲೇ. "ಅಂಜಬುರುಕ ಹುಟ್ಟಿದ್ದು ನಮ್ಮ ದೈವ."

ಆಗ ನಾಯಿ ಸೂಜಿಯ ಕಥೆ ಹೇಳಿದೆ. ಹೇಳಬೇಕೆಂದು ಹೋಗಿರಲಿಲ್ಲ, ಬಾಯಿಗೆ ಬಂತು. ಗಾಯದೊಳಗೇ ಸೂಜಿ ಇಳಿಸುವುದು ಹೇಗೆ, ಎಂಥೆಂಥವರು ಚೀರುತ್ತಾರೆ, ನಿಮ್ಮ ಮಗ ಹೇಗೆ ಕುಳಿತಿದ್ದ. ಇಲ್ಲದ ನಾಯಿಯ ಹೆಸರಿನಲ್ಲಿ ತಿಂಗಳಲ್ಲಿ ನಾಲ್ಕು ಸಲ ಬಂದು ತೋಳು ಒಡ್ಡಿದ್ದು.

ಅವರು ಎಲೆ ಕೆಳಗಿಟ್ಟರು. "ನಾಕೂ ಸಲ?"

"ನಾಕೂ ಸಲ್ರಿ."

"ಒಂದ ತಗೊಂಡ ಬಿಡಬಹುದಿತ್ತಲ್ಲ. ಯಾರ ಕೇಳ್ತಿದ್ರು?"

"ಬಿಟ್ಟಿದ್ರ ನಾವು ಮನಿಗೆ ಫೋನ್ ಮಾಡ್ತೇವಿ ಅಂತ ಹೇಳಿದ್ದೆ. ಕಾರ್ಡಿನ್ಯಾಗ ನಿಮ್ಮ ನಂಬರ ಇತ್ತು."

ಮುದುಕರು ಟೋಪಿ ತೆಗೆದರು. ಆ ಮುರಿದ ಕಿವಿಗಳ ನಡುವಿನ ತಲೆ ಬೋಳಾಗಿ, ಸಣ್ಣದಾಗಿ ಕಂಡಿತು. ಬಾಗಿಲಲ್ಲಿದ್ದ ತಾಯಿ ಆವತ್ತು ಮೊದಲ ಸಲ ಬಾಯಿ ಬಿಟ್ಟರು: "ಸಣ್ಣಾಂವ ಇದ್ದಾಗ ತಾಲೀಮಿನ್ಯಾಗ ಕೈ ಮುರದಿತ್ತು. ಇವ್ರು ಬೈತಾರಂತ ಮೂರ ದಿನಾ ಮುಚ್ಚಿ ಇಟಗೊಂಡಿದ್ದ." ಅಷ್ಟು ಹೇಳಿ ಒಳಗೆ ಹೋದರು.

ಮುದುಕರು ಟೋಪಿ ಮತ್ತೆ ಇಟ್ಟುಕೊಂಡು ಕೇಳಿದರು, "ಕೈ ಉಳೀತೈತೇನ್ರಿ?"

"ಇವತ್ತ ಕರಕೊಂಡ ಬಂದ್ರ ಒಂದ ಮಾತು. ನಾಳೆ ಬಂದ್ರ ಇನ್ನೊಂದ."

ಮರುದಿನ ರಾಯಬಾಗದಲ್ಲಿ ನಡೆದದ್ದನ್ನು ನನಗೆ ಹೇಳಿದವನು ಕಂಡಕ್ಟರ್. ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತಂತೆ. ಹೆಂಡತಿ ತೆಗೆದಳು. ಮಾವ ಹೊಡೆಯಲು ಬಂದಿದ್ದಾನೆಂದು ಒಲೆಯ ಕಡೆ ಓಡಿದಳು. ಮುದುಕರು ಹೊಸ್ತಿಲು ದಾಟಲಿಲ್ಲ. "ನಾ ಜಗಳಕ್ಕ ಬಂದಿಲ್ಲವಾ. ನನ್ನ ಮಗನ್ನ ದವಾಖಾನಿಗೆ ಕರಕೊಂಡ ಹೋಗಾಕ ಬಂದೇನಿ" ಎಂದು ಕಟ್ಟೆಯ ಮೇಲೆ ಕುಳಿತರು. ಮಗ ಒಳಗಿನಿಂದ ಬರುವುದಿಲ್ಲ ಅಂದ. ಅವರು ಎದ್ದು ಹೋಗಲಿಲ್ಲ. ಬಿಸಿಲು ಏರಿತು. ಓಣಿಯ ಜನ ನಿಂತು ನೋಡಿದರು. ಮಧ್ಯಾಹ್ನ ದಾಟಿದ ಮೇಲೆ ಮಗ ಬಾಗಿಲಿಗೆ ಬಂದು, "ಬಳಿ ತೊಟ್ಟಿಲ್ಲ ಅಪ್ಪಾ, ಹೆಂಗ ಬರಲಿ?" ಎಂದ.

"ಆ ಮಾತು ಆಡಿದ್ದು ಪೈಲ್ವಾನ" ಎಂದರಂತೆ ಮುದುಕರು. "ಈಗ ಬಂದಾಂವ ನಿನ್ನ ಅಪ್ಪ. ನಡಿ, ಬಾಳಾ."

ಬಾಳಾ ಎಂದರೆ ಮರಾಠಿಯಲ್ಲಿ ಕಂದಾ. ಮಾತು ಕಲಿತಾಗಿನಿಂದ ಅಪ್ಪನ ಬಾಯಲ್ಲಿ ಆ ಶಬ್ದ ಕೇಳಿರಲಿಲ್ಲ ಎಂದ.

ದವಾಖಾನೆಗೆ ಬರುವಷ್ಟರಲ್ಲಿ ಎಂಟು ದಿನ ಕಳೆದಿತ್ತು. ಅರಿಶಿನ, ಕೊಬ್ಬರಿಎಣ್ಣೆ ಹಚ್ಚಿ ಹಳೆ ಸೀರೆಯ ತುಂಡು ಸುತ್ತಿದ್ದರು. ಬಿಚ್ಚಿದಾಗ ವಾಸನೆ ಬಂತು. ಕಿರುಬೆರಳು ಉಂಗುರಬೆರಳಿಗೆ ಅಂಟಿಕೊಂಡಿತ್ತು, ಎರಡೂ ಮಡಚಿ ಬಿಗಿದಿದ್ದವು. "ಆ ಎಂಟ ದಿನಾ ಅಕಿ ಭಾಳ ಚೊಲೊ ನೋಡ್ಕೊಂಡ್ಳರಿ ಸಿಸ್ಟರ್" ಎಂದ ಅವನು. "ಬಾಯಿಗೆ ತುತ್ತ ಇಟ್ಲು. ಕಾಲ ಹಿಡದ ಅತ್ಲು. ಪ್ರತಿ ಸಲ ಹಂಗ. ಅದಕ್ಕ ಬಿಟ್ಟ ಬರಾಕ ಆಗಲಿಲ್ಲ." ನಾನು ಕೀವು ತೊಳೆಯುತ್ತಿದ್ದೆ. ಹೆಂಗಸರ ಬಾಯಲ್ಲಿ ಎಷ್ಟು ಸಲ ಕೇಳಿದ್ದೆ ಈ ಮಾತನ್ನು. ಒಂದು ಅಕ್ಷರ ಬೇರೆಯಿರಲಿಲ್ಲ.

ಹದಿನೈದು ದಿನ ವಾರ್ಡಿನಲ್ಲಿಟ್ಟುಕೊಂಡೆವು. ಆಮೇಲೆ ಅಕ್ಕೋಳದ ಮನೆ. ಅಲ್ಲಿಂದ ದಿನವೂ ಓಡಾಡಲು ಆಗದು, ಯಾರಾದರೂ ಕಲಿಯಬೇಕು ಎಂದೆ. ತಾಯಿ ಮುಂದೆ ಬಂದರು. ಮುದುಕರು ಅವರನ್ನು ಸರಿಸಿ ತಾವು ಸ್ಟೂಲಿನ ಮೇಲೆ ಕುಳಿತರು. ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುವುದರಿಂದ ಶುರುಮಾಡಿದೆ. ಉಗುರು ತೆಗೆಸಿದೆ. ನೀರು ಕುದಿಸಿ ಉಪ್ಪು ಹಾಕಿ ಆರಿಸುವುದು, ಹಳೆಯ ಪಟ್ಟಿಯನ್ನು ನೆನೆಸಿ ನೆನೆಸಿ ಬಿಡಿಸುವುದು, ಎಂದೂ ಎಳೆಯಬಾರದು. ಎದುರಾಳಿಯ ಕುತ್ತಿಗೆ ಹಿಡಿದು ಬೆಳೆದ ಬೆರಳುಗಳು ಅವು. ಮೊದಲ ದಿನ ಜಾಳಿಗೆ ಬಟ್ಟೆಯನ್ನು ಚಿಮಟಿಗೆಯಲ್ಲಿ ಎತ್ತಲು ಹೋಗಿ ಮೂರು ಸಲ ಕೆಡವಿದರು. ಮಗ ನೋವಿಗೆ ಉಸಿರು ಎಳೆದುಕೊಂಡಾಗಲೆಲ್ಲ ಇವರ ಕೈ ನಿಂತುಬಿಡುತ್ತಿತ್ತು.

"ನಿಲ್ಲಬಾರದ್ರಿ" ಎಂದೆ. "ನಿಂತ್ರ ನೋವ ಜಾಸ್ತಿ."

"ಬಾಯಾರ, ಮಂದಿಗೆ ನೋವ ಮಾಡೂದು ಗೊತ್ತಿತ್ತು ನನಗ. ಇದು ಗೊತ್ತಿಲ್ಲ."

ಕಲಿತರು. ಕೊನೆಗೆ ಬೆರಳು ಸುತ್ತುವುದರಲ್ಲಿ ನನಗಿಂತ ಸೊಗಸಾದರು. ದಿನಕ್ಕೆ ಆರು ಸಲ ಮಗನ ಬೆರಳುಗಳನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ಬಿಡಿಸುತ್ತಿದ್ದರಂತೆ. ಊರಿನವರು ಕೇಳಿದರೆ ಮೊದಮೊದಲು "ಎಣ್ಣಿ ಬಿತ್ತು" ಅನ್ನುತ್ತಿದ್ದವರು, ಆಮೇಲೊಂದು ದಿನ ತಾಲೀಮಿನ ಕಟ್ಟೆಯಲ್ಲೇ, "ಹೆಂಡ್ತಿ ಸುಟ್ಟಾಳ. ಆಂವ ಕೈ ಎತ್ತಲಿಲ್ಲ. ನಾ ಇದ್ದಿದ್ರ ಎತ್ತಿ ಜೇಲಿಗೆ ಹೋಗ್ತಿದ್ದೆ" ಅಂದರಂತೆ. ತಾಯಿ ಹೇಳಿದ್ದು. ಯಾರೂ ನಗಲಿಲ್ಲವಂತೆ.

ಅವನ ಹೆಂಡತಿಯನ್ನು ನಾನು ನೋಡಿದ್ದು ಒಂದೇ ಸಲ. ಅವನು ವಾರ್ಡಿನಲ್ಲಿದ್ದಾಗ ಮಧ್ಯಾಹ್ನ ಒಬ್ಬಳೇ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಮನಸ್ಸಿನಲ್ಲಿ ಯಾರನ್ನೋ ಕಟ್ಟಿಕೊಂಡಿದ್ದೆ. ಇವಳು ಸಣ್ಣ ಆಳು, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಬುತ್ತಿಯ ಡಬ್ಬಿ. ಅವನು ನೋಡಲು ಒಪ್ಪಲಿಲ್ಲ.

"ಆಂವ ಸುಮ್ನ ಕುಂಡರತಾನ್ರಿ" ಎಂದಳು, ನಾನೇನೂ ಕೇಳದಿದ್ದರೂ. "ಏನಂದ್ರೂ ಸುಮ್ನ. ಗ್ವಾಡಿ ಜೋಡಿ ಮಾತಾಡಿದಂಗ. ಆಗ ನನ್ನ ತಲ್ಯಾಗ ಏನ ಏಳತೈತಿ ನನಗ ಗೊತ್ತಾಗೂದಿಲ್ಲ. ಮುಗದ ಮ್ಯಾಲೆ ಗೊತ್ತಾಗತೈತಿ."

"ಆಂವ ಏನ ಮಾಡಿದ್ರ ನೀ ಬಿಡ್ತಿದ್ದಿ?" ಎಂದು ಕೇಳಿದೆ.

ಡಬ್ಬಿಯ ಮುಚ್ಚಳ ಒತ್ತಿ ಗಟ್ಟಿ ಮಾಡಿದಳು. "ಗೊತ್ತಿಲ್ರಿ" ಎಂದಳು.

ಸಮಾಧಾನ ಹೇಳಲು ನನಗಾಗಲಿಲ್ಲ, ಬೈಯಲೂ ಆಗಲಿಲ್ಲ. ಮನಸ್ಸಿನ ಡಾಕ್ಟರು ಬರುವ ವಾರ ಬರೆದ ಚೀಟಿ ಕೊಟ್ಟೆ. ಮಡಚಿ ಡಬ್ಬಿಯ ಮುಚ್ಚಳದೊಳಗೆ ಇಟ್ಟುಕೊಂಡಳು. ಆ ಡಾಕ್ಟರ ಹತ್ತಿರ ಹೋದಳೋ ಇಲ್ಲವೋ ತಿಳಿಯದು.

ಮಗಳನ್ನು ಕರೆದುಕೊಂಡು ಅವಳು ಕಾಗವಾಡದ ಕಡೆಯ ತವರಿಗೆ ಹೋದಳು. ಪೈಲ್ವಾನರು ಅಲ್ಲಿಗೆ ಎರಡು ಸಲ ಹೋಗಿ ಬಂದರು, ಒಬ್ಬರೇ, ಪಂಚರನ್ನು ಕಟ್ಟಿಕೊಳ್ಳದೆ. ಹುಡುಗಿಯ ಅಜ್ಜಿ, ಅಂದರೆ ಹೆಂಡತಿಯ ತಾಯಿ, ಗಟ್ಟಿ ಹೆಂಗಸು. "ಮಗಳ ನನ್ನ ಹೊಟ್ಟ್ಯಾಗ ಹುಟ್ಟ್ಯಾಳ, ಹೊರಗ ಹಾಕಾಕ ಬರೂದಿಲ್ಲ. ಆದ್ರ ತಪ್ಪ ಐತಿ ಅಂತ ನಾ ನನ್ನ ಬಾಯಿಲೆ ಹೇಳ್ತೇನಿ. ಕೂಸಿನ ಮ್ಯಾಲೆ ಕೈ ಬೀಳದಂಗ ನೋಡ್ಕೊಳ್ಳೂದು ನನ್ನ ಜವಾಬ್ದಾರಿ" ಎಂದರಂತೆ. ವಕೀಲರ ಮುಂದೆ ಬರೆದುಕೊಂಡರು: ಗಂಡ ಹೆಂಡತಿ ಬೇರೆ, ಮಗಳು ಅಜ್ಜಿಯ ಮನೆಯಲ್ಲಿ, ತಿಂಗಳಿಗೊಮ್ಮೆ ತಂದೆ ನೋಡಬಹುದು. ಮಗಳನ್ನು ತಾನೇ ಇಟ್ಟುಕೊಳ್ಳಬೇಕೆಂದು ಅವನು ಬಹಳ ಹಂಬಲಿಸಿದ. ಕೊನೆಗೆ ಮಗಳನ್ನೇ ಕೇಳಿದಾಗ, "ಅವ್ವ ಒಬ್ಬಾಕಿ ಆಗ್ತಾಳ" ಅಂದಳಂತೆ. ಅದನ್ನು ಕೇಳಿದ ದಿನ ಅವನು ಡ್ರೆಸ್ಸಿಂಗಿಗೆ ಕುಳಿತು ಅತ್ತ. ಅಷ್ಟು ದಿನ ಚರ್ಮ ಕಿತ್ತಾಗಲೂ ಅಳದವನು. ಅಪ್ಪ ಅವನ ಬೆನ್ನ ಮೇಲೆ ಕೈ ಇಟ್ಟು, ಅಳು ಮುಗಿಯುವತನಕ ತೆಗೆಯಲಿಲ್ಲ.

ಮೊದಲ ಭೇಟಿ ನಮ್ಮ ದವಾಖಾನೆಯಲ್ಲೇ ಆಯಿತು. ಅವನು ಅಪ್ಪನ ಜೊತೆ ಕೈ ತೋರಿಸಲು ಬರುವ ದಿನ, ಅಜ್ಜಿಗೂ ಮೊಣಕಾಲು ತೋರಿಸುವುದಿತ್ತು. ಅವನ ಮನೆಯೂ ಅಲ್ಲ, ಅವರ ಮನೆಯೂ ಅಲ್ಲದ ಜಾಗ ಬೇಕೆಂದು ಎರಡೂ ಕಡೆಯವರು ಒಪ್ಪಿದ್ದರು. ಸಾಲು ನಿಲ್ಲಿಸಿ ನಾನು ನನ್ನ ಕೋಣೆ ಬಿಟ್ಟುಕೊಟ್ಟೆ. ಹೋಗುತ್ತೇನೆ ಎಂದರೆ ಅವನು, "ಇರ್ರಿ ಸಿಸ್ಟರ್" ಎಂದ.

ಹುಡುಗಿ ಎರಡು ಜಡೆ ಹಾಕಿಕೊಂಡು ಅಜ್ಜಿಯ ಸೆರಗು ಹಿಡಿದು ಬಂದಳು. ಆರು ತಿಂಗಳಾಗಿತ್ತು ಅಪ್ಪನನ್ನು ನೋಡಿ. ಓಡಿ ಬರಲಿಲ್ಲ. ಅವನ ಬಲಗೈಯನ್ನೇ ನೋಡುತ್ತ ನಿಂತಳು. ಕೆಂಪಗೆ, ನುಣ್ಣಗೆ ಹೊಳೆಯುವ ಚರ್ಮ. ಮೂರು ಬೆರಳು ಚೆನ್ನಾಗಿ ಆಡುತ್ತಿದ್ದವು, ಇನ್ನೆರಡು ಎಷ್ಟು ಬಿಡಿಸಿದರೂ ಬಿಡದೆ ಮಡಚಿಯೇ ಇದ್ದವು.

"ಅಪ್ಪಾ, ಭಜಿ ಬೇಕಂದಿದ್ದು ನಾನ" ಎಂದಳು.

ಯಾರಿಗೂ ತಿಳಿಯಲಿಲ್ಲ.

"ಅವತ್ತ ನಾ ಭಜಿ ಬೇಕಂತ ಹಟಾ ಮಾಡಿದ್ನಿ. ಅದಕ್ಕ ಅವ್ವ ಎಣ್ಣಿ ಕಾಸಿದ್ಲು. ನಾ ಕೇಳದಿದ್ರ ಎಣ್ಣಿ ಇರ್ತಿದ್ದಿಲ್ಲ."

ಅವನು ನೆಲಕ್ಕೆ ಕುಳಿತ. ಮುದುಕರು ಗೋಡೆಯ ಕಡೆ ತಿರುಗಿದರು. ಆರು ತಿಂಗಳು ಆ ಕೂಸು ಇದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಭಜಿ ಕೇಳೂದು ತಪ್ಪಲ್ಲ ಚಿನ್ನಾ" ಎಂದ. ಅವನ ಧ್ವನಿ ಹಿಡಿತದಲ್ಲಿರಲಿಲ್ಲ. "ಕಾದ ಎಣ್ಣಿ ಮನಶ್ಯಾನ ಮ್ಯಾಲೆ ಹಾಕೂದು ತಪ್ಪು."

"ಹಂಗಾರ ಅವ್ವಂದು ತಪ್ಪು?"

ಪೇದೆಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ, ವಕೀಲರ ಮುಂದೆಯೂ "ಹೊಂದಾಣಿಕೆ ಆಗಲಿಲ್ಲ" ಎಂದಷ್ಟೇ ಬರೆಸಿದ್ದ. ಎಂಟು ವರ್ಷದ ಹುಡುಗಿಯ ಮುಂದೆ ಅವನು ಕಣ್ಣು ತಪ್ಪಿಸಲಿಲ್ಲ.

"ಹೌದವಾ. ಅವ್ವಂದು ತಪ್ಪು. ನಿಂದಲ್ಲ, ನಂದೂ ಅಲ್ಲ. ಅವ್ವ ನಿನ್ನ ಮ್ಯಾಲೆ ಜೀವಾ ಇಟ್ಟಾಳ, ಅದೂ ಖರೆ."

ಹುಡುಗಿ ಆಗ ಅವನ ಹತ್ತಿರ ಬಂದಳು. ಮಡಚಿದ ಎರಡು ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಬಿಡಿಸಲು ನೋಡಿದಳು. ಬಿಡಲಿಲ್ಲ.

"ನಾ ಇನ್ನ ಏನೂ ಕೇಳೂದಿಲ್ಲ ಅಪ್ಪಾ. ಹಟಾ ಮಾಡೂದಿಲ್ಲ. ನೀ ಮನಿಗೆ ಬಾ. ಮೂರೂ ಮಂದಿ ಇರೋಣು."

ಅವನು ಆಗಲಿ ಅಂದುಬಿಡುತ್ತಾನೆ ಎಂದು ನನಗೆ ಅಂಜಿಕೆಯಾಯಿತು. ಅನ್ನಲಿ ಅಂತಲೂ ಒಂದು ಕ್ಷಣ ಅನ್ನಿಸಿತು, ಸುಳ್ಳಲ್ಲ.

"ಬರಾಂಗಿಲ್ಲವಾ" ಎಂದ. "ತಿಂಗಳಿಗೊಮ್ಮೆ ಬರ್ತೇನಿ, ನಿನ್ನ ನೋಡಾಕ. ಮನಿಗೆ ಬರಾಂಗಿಲ್ಲ."

ಅವಳು ಜೋರಾಗಿ ಅಳಲಿಲ್ಲ. ತುಟಿ ಕಚ್ಚಿಕೊಂಡು ಅವನ ಭುಜದ ಮೇಲೆ ಮುಖ ಇಟ್ಟಳು. ಅಂಗಿ ನೆನೆಯಿತು. ಅಜ್ಜಿ ಬಸ್ಸಿನ ಹೊತ್ತಾಯಿತು ಎಂದಾಗ ತಾನೇ ಬಿಡಿಸಿಕೊಂಡು, ಕಣ್ಣೊರೆಸಿಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ನೋಡಲಿಲ್ಲ.

ಎಂಟು ದಿನ ಹಾಳಾಗದಿದ್ದರೆ ಆ ಎರಡು ಬೆರಳೂ ಬಿಡುತ್ತಿದ್ದವು ಎಂದು ಮಿರಜಿನ ಕೈ ಡಾಕ್ಟರು ಹೇಳಿದ್ದಾರೆ. ಆ ಎಂಟು ದಿನ ನನ್ನ ಬಾಯಿಂದ ಹೋದವು. ಹಾಗೆಂದು ಅವನೂ ಅನ್ನಲಿಲ್ಲ, ಅವನ ಅಪ್ಪನೂ ಅನ್ನಲಿಲ್ಲ. ಈಗ ಅವನಿಗೆ ಡಿಪೋದಲ್ಲಿ ಕುಳಿತು ಮಾಡುವ ಕೆಲಸ. ತಿಂಗಳಿಗೊಮ್ಮೆ ಕಾಗವಾಡದ ಬಸ್ ಹತ್ತುತ್ತಾನೆ. ಪಕ್ಕದಲ್ಲಿ ಅಪ್ಪ ಇರುತ್ತಾರೆ.

ಆ ದಿನ ಹುಡುಗಿ ಹೋದ ಮೇಲೆ ಅಪ್ಪ ಮಗ ಇಬ್ಬರೂ ನೆಲದ ಮೇಲೆ ಕುಳಿತುಬಿಟ್ಟಿದ್ದರು, ಪೈಲ್ವಾನರು ಮಗನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು. ಹೊರಗೆ ಸಾಲು ಬೆಳೆದಿತ್ತು, ಯಾರೋ ಕದ ತಟ್ಟಿದರು. ನಾನು ಹೋ‌ಗಿ ಬಾಗಿಲಿಗೆ ಅಡ್ಡ ನಿಂತು, "ಇನ್ನೊಂದ ಸ್ವಲ್ಪ ನಿಲ್ರಿ" ಎಂದೆ.